'ಫೈನೆಸ್ಟ್ ಅವರ್': ಗೆಲುವಿನ ಗಳಿಗೆಯೋ, ಒರೆಗಲ್ಲಿನ ಗಳಿಗೆಯೋ?

ಇಂಗ್ಲಿಷಿನಿಂದ ಬಂದು ನಮ್ಮ ಸಾರ್ವಜನಿಕ ಮಾತುಕತೆಯಲ್ಲಿ ನೆಲೆಯೂರಿರುವ ನುಡಿಗಟ್ಟುಗಳಲ್ಲಿ 'ಫೈನೆಸ್ಟ್ ಅವರ್' ಎಂಬುದೂ ಒಂದು. ಕ್ರಿಕೆಟ್ ತಂಡ ಟ್ರೋಫಿ ಗೆದ್ದರೆ ಅದು ತಂಡದ ಫೈನೆಸ್ಟ್ ಅವರ್; ಕಂಪನಿಯ ಲಾಭ ಇಮ್ಮಡಿಯಾದರೆ ಅದು ಕಂಪನಿಯ ಫೈನೆಸ್ಟ್ ಅವರ್; ಬೀಳ್ಕೊಡುಗೆ ಸಮಾರಂಭಗಳಲ್ಲಿ ನಿವೃತ್ತರಾಗುವ ಪ್ರತಿಯೊಬ್ಬ ಅಧಿಕಾರಿಗೂ ಇಂಥದೊಂದು ಗಳಿಗೆಯನ್ನು ಹುಡುಕಿ ಕೊಡಲಾಗುತ್ತದೆ. ಕನ್ನಡದಲ್ಲಿ ಇದನ್ನು 'ಸುವರ್ಣ ಕ್ಷಣ', 'ಅತ್ಯುತ್ತಮ ಗಳಿಗೆ', 'ಯಶಸ್ಸಿನ ಉತ್ತುಂಗ' ಎಂದೆಲ್ಲ ಅನುವಾದಿಸುವುದುಂಟು. ಒಟ್ಟಿನಲ್ಲಿ, ಏಣಿಯ ಕೊನೆಯ ಮೆಟ್ಟಿಲನ್ನು ತಲುಪಿದ ಹೊತ್ತು ಎಂಬ ಅರ್ಥವೇ ರೂಢಿಯಾಗಿದೆ.

ಈ ಮಾತು ಜಗತ್ತಿನ ಕಿವಿಗೆ ಬಿದ್ದ ಸಂದರ್ಭವನ್ನು ನೆನೆದರೆ ಅದರ ಅರ್ಥ ಹೆಚ್ಚು ಕಡಿಮೆ ಇದಕ್ಕೆ ವಿರುದ್ಧವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಇದು ಕೇವಲ ನಿಘಂಟುಕಾರರ ಪ್ರಶ್ನೆಯಲ್ಲ. ಒಂದು ಸಮಾಜ ಯಾವುದನ್ನು ತನ್ನ ಶ್ರೇಷ್ಠ ಗಳಿಗೆಯೆಂದು ಎಣಿಸುತ್ತದೆ ಎಂಬುದರ ಮೇಲೆ ಅದು ಯಾರನ್ನು ಗೌರವಿಸುತ್ತದೆ, ಯಾರನ್ನು ಮರೆಯುತ್ತದೆ ಎಂಬುದೂ ನಿರ್ಧಾರವಾಗುತ್ತದೆ.

1940ರ ಜೂನ್ 18. ಬ್ರಿಟನ್ನಿನ ಪ್ರಧಾನಿಯಾಗಿ ವಿನ್‌ಸ್ಟನ್ ಚರ್ಚಿಲ್ ಅಧಿಕಾರ ವಹಿಸಿಕೊಂಡು ಆಗಿನ್ನೂ ಆರು ವಾರವೂ ತುಂಬಿರಲಿಲ್ಲ. ಜೂನ್ ಮೊದಲ ವಾರದ ಹೊತ್ತಿಗೆ ಡನ್‌ಕರ್ಕ್ ಕಡಲತೀರದಿಂದ ಸುಮಾರು 3.38 ಲಕ್ಷ ಸೈನಿಕರನ್ನು ಹಡಗು, ದೋಣಿಗಳಲ್ಲಿ ಕರೆತರಲಾಗಿತ್ತು. ಆದರೆ ಅವರ ಫಿರಂಗಿ, ವಾಹನಗಳೆಲ್ಲ ಫ್ರಾನ್ಸಿನಲ್ಲಿಯೇ ಉಳಿದಿದ್ದವು. ಜೂನ್ 17ರಂದು ಫ್ರಾನ್ಸಿನ ಹೊಸ ಪ್ರಧಾನಿ ಪೇತಾಂ ಯುದ್ಧ ನಿಲ್ಲಿಸಬೇಕೆಂದು ರೇಡಿಯೊದಲ್ಲಿ ಘೋಷಿಸಿದ್ದರು. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದೂವರೆ ವರ್ಷವಿತ್ತು. ಹಿಟ್ಲರನ ಸೇನೆ ಕಡಲ್ಗಾಲುವೆ ದಾಟಿ ಬರುವುದು ಇಂದೋ ನಾಳೆಯೋ ಎಂಬ ಭೀತಿ ದ್ವೀಪವನ್ನೆಲ್ಲ ಆವರಿಸಿತ್ತು.

ಅಂದು ಚರ್ಚಿಲ್ ಸಂಸತ್ತಿನ ಕೆಳಮನೆಯಲ್ಲಿ ಮಾಡಿದ ಭಾಷಣವನ್ನು, ಸಂಜೆ ಬಿಬಿಸಿಯಲ್ಲಿ ಮತ್ತೊಮ್ಮೆ ಓದಿದ ಭಾಷಣವನ್ನು, ಎಲ್ಲರೂ ಅದರ ಕೊನೆಯ ವಾಕ್ಯದಿಂದ ನೆನೆಯುತ್ತಾರೆ. ಬ್ರಿಟಿಷ್ ಸಾಮ್ರಾಜ್ಯ ಸಾವಿರ ವರ್ಷ ಬಾಳಿದರೂ ಜನ ಇದೇ ಅವರ ಫೈನೆಸ್ಟ್ ಅವರ್ ಆಗಿತ್ತೆಂದು ಹೇಳುವಂತೆ ನಡೆದುಕೊಳ್ಳೋಣ ಎಂಬುದು ಅದರ ಸಾರಾಂಶ. ಆದರೆ ಭಾಷಣದ ಬಹುಭಾಗ ಆವೇಶದ ಮಾತಲ್ಲ. ದ್ವೀಪದಲ್ಲಿ ಎಷ್ಟು ಜನ ಶಸ್ತ್ರಧಾರಿಗಳಿದ್ದಾರೆ, ನೌಕಾಪಡೆ ಏನು ಮಾಡಬಲ್ಲದು, ವಾಯುಪಡೆಯ ಬಲಾಬಲವೇನು ಎಂಬ ಲೆಕ್ಕಾಚಾರವೇ ಅಲ್ಲಿ ತುಂಬಿದೆ. ಕಡತಗಳ ನಡುವೆ ಬದುಕು ಕಳೆದ ನನ್ನಂಥವನಿಗೆ ಆ ಭಾಗವೂ ಕೊನೆಯ ವಾಕ್ಯದಷ್ಟೇ ಗಮನಾರ್ಹವೆನಿಸುತ್ತದೆ. ಪರಿಸ್ಥಿತಿಯನ್ನು ಮುಚ್ಚಿಡದೆ ಜನರ ಮುಂದಿಟ್ಟು, ಬಳಿಕವಷ್ಟೇ ಧೈರ್ಯದ ಮಾತನ್ನು ಹೇಳಿದ ಕ್ರಮ ಅದು.

ಆ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಅದು ಸೋಲಿನ ಅಂಚಿನಲ್ಲಿ ನಿಂತು ಆಡಿದ ಮಾತು. ಗೆಲುವಿನ ಕುರುಹು ಎಲ್ಲಿಯೂ ಇರಲಿಲ್ಲ. ಎರಡನೆಯದಾಗಿ, ಪರಿಣಾಮ ಏನಾದೀತೆಂದು ಆಡಿದವರಿಗೂ ಕೇಳಿದವರಿಗೂ ತಿಳಿದಿರಲಿಲ್ಲ. ಮೂರನೆಯದಾಗಿ, ಅದು 'ನಮ್ಮ ಶ್ರೇಷ್ಠ ಗಳಿಗೆ' ಎಂಬ ಸ್ವಪ್ರಶಂಸೆಯಲ್ಲ; ಮುಂದೆ ಬರುವವರು 'ಅವರ ಶ್ರೇಷ್ಠ ಗಳಿಗೆ' ಎನ್ನುವಂತಾಗಲಿ ಎಂಬ ಹಂಬಲ. ತೀರ್ಪು ಕೊಡುವ ಅಧಿಕಾರವನ್ನು ವಕ್ತಾರ ತನ್ನ ಬಳಿ ಇಟ್ಟುಕೊಳ್ಳದೆ ಮುಂದಿನ ಪೀಳಿಗೆಗಳಿಗೆ ಬಿಟ್ಟುಕೊಟ್ಟಿದ್ದಾನೆ. ಕಷ್ಟ, ಅನಿಶ್ಚಿತತೆ, ಪರರ ತೀರ್ಪು ಎಂಬ ಈ ಮೂರೂ ಇಲ್ಲದ ಕಡೆ ಈ ನುಡಿಗಟ್ಟನ್ನು ಬಳಸಿದರೆ ಅದು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಅದೇ ದಿನ, ಅದೇ ಲಂಡನ್ನಿನಿಂದ, ಷಾರ್ಲ್ ದ ಗಾಲ್ ಎಂಬ ಫ್ರೆಂಚ್ ಸೇನಾಧಿಕಾರಿ ತನ್ನ ದೇಶಬಾಂಧವರಿಗೆ ಪ್ರತಿರೋಧದ ಕರೆ ಕೊಟ್ಟರು. ಅಂದು ಅದನ್ನು ಕೇಳಿಸಿಕೊಂಡವರು ವಿರಳ. ಇಂದು ಫ್ರಾನ್ಸ್ ಜೂನ್ 18ನ್ನು ಗೌರವದಿಂದ ಸ್ಮರಿಸುತ್ತದೆ. ಕುತೂಹಲದ ಇನ್ನೊಂದು ಸಂಗತಿಯೆಂದರೆ, 1940ರ ಮೇ ತಿಂಗಳ ಲಂಡನ್ನನ್ನು ಕುರಿತು 2017ರಲ್ಲಿ ತೆರೆಕಂಡ ಚಲನಚಿತ್ರದ ಹೆಸರು 'ಡಾರ್ಕೆಸ್ಟ್ ಅವರ್'. ಚರ್ಚಿಲ್ ಬರೆದ ಯುದ್ಧ ಇತಿಹಾಸದ ಎರಡನೆಯ ಸಂಪುಟದ ಹೆಸರು 'ದೇರ್ ಫೈನೆಸ್ಟ್ ಅವರ್'. ಆ ಸಂಪುಟವೂ ಅದೇ ಮೇ ತಿಂಗಳಿನಿಂದಲೇ ಆರಂಭವಾಗುತ್ತದೆ. ಒಂದೇ ಕಾಲಕ್ಕೆ ಕಡುಗತ್ತಲಿನ ಗಳಿಗೆಯೆಂಬ ಹೆಸರೂ ಉಂಟು, ಶ್ರೇಷ್ಠ ಗಳಿಗೆಯೆಂಬ ಹೆಸರೂ ಉಂಟು. ಇವೆರಡರಲ್ಲಿ ಇಂಗ್ಲಿಷರಿಗೆ ವಿರೋಧ ಕಾಣಲಿಲ್ಲ.

ನಮ್ಮ ಭಾಷೆಯಲ್ಲಿ ಉನ್ನತಿಯನ್ನು ಸೂಚಿಸುವ ಪದಗಳಿಗೆ ಬಡತನವಿಲ್ಲ. ವಿಜಯನಗರದ ಉಚ್ಛ್ರಾಯ ಕಾಲ ಎನ್ನುತ್ತೇವೆ. ಅದು ವೈಭವದ ದೀರ್ಘ ಅವಧಿ. ಪರಾಕಾಷ್ಠೆ ಎಂಬುದು ಎಲ್ಲೆಯ ತುದಿ. ಸಂತೋಷಕ್ಕೂ ದುಃಖಕ್ಕೂ ಕ್ರೌರ್ಯಕ್ಕೂ ಅದು ಸಲ್ಲುತ್ತದೆ. ಸುವರ್ಣಯುಗ ಇತಿಹಾಸಕಾರರ ಮಾತು. ಧನ್ಯತೆಯ ಕ್ಷಣ ವ್ಯಕ್ತಿಯ ಅಂತರಂಗದ ಮಾತು. ಅಗ್ನಿಪರೀಕ್ಷೆ ಎಂಬುದು ಸಂಕಟವನ್ನು ಹೇಳುತ್ತದೆ, ಆದರೆ ಸಂಕಟದ ನಡುವೆ ಮನುಷ್ಯ ಹೇಗೆ ನಿಂತನೆಂಬುದನ್ನು ಹೇಳುವುದಿಲ್ಲ. ಫೈನೆಸ್ಟ್ ಅವರ್ ಎಂಬ ಮಾತಿನಲ್ಲಿ ಈ ಎರಡೂ ಅಡಕವಾಗಿವೆ.

ಇನ್ನು 'ಒಳ್ಳೆಯ ಗಳಿಗೆ' ಎಂದೊಡನೆ ಕನ್ನಡಿಗನ ಮನಸ್ಸು ಪಂಚಾಂಗದತ್ತ ಹೊರಳುತ್ತದೆ. ಗಳಿಗೆಯೆಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಮದುವೆಗೆ, ಗೃಹಪ್ರವೇಶಕ್ಕೆ ಗಳಿಗೆ ನೋಡಿಸುವುದೆಂದರೆ ಶುಭವನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳುವುದು. ಫೈನೆಸ್ಟ್ ಅವರ್ ಇದಕ್ಕೆ ತದ್ವಿರುದ್ಧ. ಅದನ್ನು ಯಾವ ಜೋಯಿಸರೂ ಮೊದಲೇ ಹೇಳಲಾರರು. ಅದು ರಾಹುಕಾಲದಲ್ಲಿಯೇ ಬಂದೀತು. ಬಂದಾಗ ಅಶುಭವಾಗಿಯೇ ಕಂಡೀತು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದೇನೂ ಅಪರಿಚಿತ ವಿಚಾರವಲ್ಲ. ವ್ಯಾಪಾರ ಚಕ್ರದ ಶಿಖರ ಯಾವುದೆಂಬುದು ಶಿಖರದ ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಬಹುದೂರ ಬಂದ ಮೇಲಷ್ಟೇ ತಿಳಿಯುತ್ತದೆ. ಅಮೆರಿಕದ ಆರ್ಥಿಕತೆ ಶಿಖರ ಮುಟ್ಟಿದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿನ ನ್ಯಾಷನಲ್ ಬ್ಯೂರೊ ಆಫ್ ಎಕನಾಮಿಕ್ ರಿಸರ್ಚ್ ಆ ಸಂಗತಿಯನ್ನು ಪ್ರಕಟಿಸಿದ್ದು 2008ರ ಡಿಸೆಂಬರ್ 1ರಂದು, ಅಂದರೆ ಸುಮಾರು ಒಂದು ವರ್ಷದ ಬಳಿಕ. ಅಷ್ಟರಲ್ಲಿ ಲೆಹ್‌ಮನ್ ಬ್ರದರ್ಸ್ ಕುಸಿದುಬಿದ್ದಿತ್ತು. ಶಿಖರದ ವಿಷಯವೇ ಹೀಗಿರುವಾಗ, ನೈತಿಕ ಔನ್ನತ್ಯದ ಗಳಿಗೆಯನ್ನು ಮರುದಿನದ ಪತ್ರಿಕೆಯಲ್ಲಿಯೇ ಘೋಷಿಸುವ ನಮ್ಮ ಆತುರವನ್ನು ಏನೆನ್ನಬೇಕು?

ಶಿಖರಕ್ಕೂ ಶ್ರೇಷ್ಠ ಗಳಿಗೆಗೂ ಇರುವ ವ್ಯತ್ಯಾಸಕ್ಕೆ ನಮ್ಮ ಬೆಂಗಳೂರಿನವರೇ ಆದ ಅನಿಲ್ ಕುಂಬ್ಳೆಯವರ ಎರಡು ಪಂದ್ಯಗಳನ್ನು ಹೋಲಿಸಬಹುದು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಎರಡನೆಯ ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಅವರೊಬ್ಬರೇ ಪಡೆದರು. ವಿಕೆಟ್‌ಗಳ ಲೆಕ್ಕದಲ್ಲಿ ಇದಕ್ಕಿಂತ ಮೇಲಿನದು ಸಾಧ್ಯವಿಲ್ಲ. 2002ರ ಮೇ ತಿಂಗಳಿನಲ್ಲಿ ವೆಸ್ಟ್ ಇಂಡೀಸ್‌ನ ಆಂಟಿಗುವಾದಲ್ಲಿ ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್ ಅವರ ಎಸೆತ ಬಡಿದು ಅವರ ದವಡೆ ಮುರಿಯಿತು. ತಲೆ ಗಲ್ಲ ಸುತ್ತಿ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದು 14 ಓವರ್ ಬೌಲ್ ಮಾಡಿ ಬ್ರಿಯಾನ್ ಲಾರಾ ಅವರ ವಿಕೆಟ್ ಪಡೆದರು. ಬಳಿಕ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಪಂದ್ಯ ಡ್ರಾ ಆಯಿತು. ಅಂಕಪಟ್ಟಿಯಲ್ಲಿ ಉಳಿದದ್ದು ಒಂದೇ ವಿಕೆಟ್. ಮೊದಲನೆಯದು ಅವರ ಸಾಧನೆಯ ಶಿಖರ. ಎರಡನೆಯದು, ಇಂಗ್ಲಿಷಿನ ಮೂಲ ಅರ್ಥದಲ್ಲಿ, ಅವರ ಫೈನೆಸ್ಟ್ ಅವರ್. ಪಟ್ಟಿ ಕಟ್ಟಿದ ಆ ಮುಖದ ಚಿತ್ರ ಕ್ರಿಕೆಟ್ ಪ್ರಿಯರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಜನಸಾಮಾನ್ಯರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡದೆಯೇ ತಿಳಿದಿದೆ ಎಂಬುದಕ್ಕೆ ಸಾಕ್ಷಿ.

ಬಾಹ್ಯಾಕಾಶದಲ್ಲಿಯೂ ಇದೇ ಮಾತು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿತು. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ನೌಕೆಯ ಆಮ್ಲಜನಕದ ತೊಟ್ಟಿ ಸ್ಫೋಟಗೊಂಡು, ಚಂದ್ರನ ಮೇಲೆ ಇಳಿಯುವ ಮಾತೇ ಕೈಬಿಟ್ಟು, ಮೂವರನ್ನು ಜೀವಂತವಾಗಿ ಕರೆತರುವುದೇ ಸಾಕೆಂಬಂತಾಯಿತು. 1995ರ ಚಲನಚಿತ್ರದಲ್ಲಿ ಭೂನಿಯಂತ್ರಣ ಕೇಂದ್ರದ ನಿರ್ದೇಶಕರ ಬಾಯಲ್ಲಿ ಫೈನೆಸ್ಟ್ ಅವರ್ ಎಂಬ ಮಾತನ್ನು ಇಟ್ಟದ್ದು ಈ ವಿಫಲ ಯಾತ್ರೆಗೆ. ಆ ಚಿತ್ರಕಥೆ ಬರೆದವರಿಗೆ ನುಡಿಗಟ್ಟಿನ ಮರ್ಮ ಗೊತ್ತಿತ್ತು.

ನಮ್ಮ ಅರ್ಥವ್ಯವಸ್ಥೆಯ ಇತಿಹಾಸದಲ್ಲಿಯೂ ಇಂಥದೇ ಒಂದು ಜೋಡಿಯಿದೆ. 1991ರಲ್ಲಿ ದೇಶದ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಕುಸಿಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಸರ್ಕಾರದ ಬಳಿಯಿದ್ದ 20 ಟನ್ ಚಿನ್ನ, ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿದೇಶಕ್ಕೆ ಹೋಯಿತು. ತಾಳಿ ಒತ್ತೆಯಿಟ್ಟ ಮನೆಯಂತಾಯಿತು ದೇಶದ ಸ್ಥಿತಿ ಎಂಬ ನೋವು, ಆಕ್ರೋಶ ಎಲ್ಲೆಡೆ ವ್ಯಕ್ತವಾಯಿತು. ಆದರೆ ಭಾರತ ತಾನು ಮಾಡಿದ ಸಾಲದ ಕಂತನ್ನು ತಪ್ಪಿಸಲಿಲ್ಲ. 2009ರ ನವೆಂಬರಿನಲ್ಲಿ ಅದೇ ರಿಸರ್ವ್ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನವನ್ನು ಸುಮಾರು 670 ಕೋಟಿ ಡಾಲರ್ ಕೊಟ್ಟು ಖರೀದಿಸಿತು. ಹೆಮ್ಮೆಪಡಲು 2009 ಸುಲಭವಾದ ವರ್ಷ. ಆದರೆ ಅವಮಾನ ತಪ್ಪದೆಂದು ತಿಳಿದೂ ಚಿನ್ನ ಸಾಗಿಸುವ ಕಡತಕ್ಕೆ ಸಹಿ ಹಾಕಿದವರ ಧೈರ್ಯವನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಒಂದು ಶ್ರೇಷ್ಠ ಗಳಿಗೆ ಇಡೀ ಬದುಕಿಗೆ ಕೊಟ್ಟ ಪ್ರಮಾಣಪತ್ರವಲ್ಲ. ಈ ನುಡಿಗಟ್ಟಿನ ಕರ್ತೃವೇ ಇದಕ್ಕೆ ನಿದರ್ಶನ. 1943ರಲ್ಲಿ ಬಂಗಾಳದ ಕ್ಷಾಮಕ್ಕೆ ಬಲಿಯಾದವರು 15 ಲಕ್ಷವೆಂದು ಸರ್ಕಾರಿ ವಿಚಾರಣಾ ಆಯೋಗ ಅಂದಾಜಿಸಿತು. ಸುಮಾರು 30 ಲಕ್ಷವೆಂಬುದು ನಂತರದ ವಿದ್ವಾಂಸರ ಅಂದಾಜು. ಧಾನ್ಯ ಕಳುಹಿಸಬೇಕೆಂಬ ದೆಹಲಿಯ ಪದೇ ಪದೇ ಬೇಡಿಕೆಗೆ ಚರ್ಚಿಲ್ ನೇತೃತ್ವದ ಯುದ್ಧ ಸಂಪುಟ ಕೇಳಿದಷ್ಟನ್ನು ಕೊಡಲಿಲ್ಲ. ಆ ವರ್ಷ ಬಂಗಾಳದಲ್ಲಿ ಲಭ್ಯವಿದ್ದ ಆಹಾರ, ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆಯೇನೂ ಇರಲಿಲ್ಲವೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅನ್ನವಿತ್ತು, ಕೊಳ್ಳುವ ಶಕ್ತಿ ಬಡವರಿಗಿರಲಿಲ್ಲ. ಪ್ರಾಂತೀಯ ಸರ್ಕಾರವಂತೂ ಕ್ಷಾಮ ಸಂಹಿತೆಯ ಅಡಿಯಲ್ಲಿ ಕ್ಷಾಮವನ್ನು ಅಧಿಕೃತವಾಗಿ ಘೋಷಿಸಲೇ ಇಲ್ಲ. ಸಾವಿರ ವರ್ಷದ ಮಾತನಾಡಿದ ಏಳೇ ವರ್ಷಗಳಲ್ಲಿ ಆ ಸಾಮ್ರಾಜ್ಯ ಭಾರತವನ್ನು ಬಿಟ್ಟು ಹೋಗಬೇಕಾಯಿತು.

ಆದರೆ ಅದೇ ಬಂಗಾಳದಲ್ಲಿ, ಅದೇ ದುರಂತದ ನಡುವೆ, ಬೇರೆಯವರ ಶ್ರೇಷ್ಠ ಗಳಿಗೆಗಳೂ ಇದ್ದವು. ಕಲ್ಕತ್ತೆಯ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬ್ರಿಟಿಷರೇ ಆಗಿದ್ದರೂ, ಯುದ್ಧಕಾಲದ ನಿರ್ಬಂಧಗಳ ನಡುವೆ, 1943ರ ಆಗಸ್ಟ್ 22ರಂದು ಹಸಿವಿನಿಂದ ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದರು. ಆಡಳಿತ ಒಪ್ಪಿಕೊಳ್ಳಲು ಸಿದ್ಧವಿಲ್ಲದ ಸತ್ಯ ಜಗತ್ತಿಗೆ ಗೊತ್ತಾಯಿತು. ಅಕ್ಟೋಬರಿನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಅಧಿಕಾರ ವಹಿಸಿಕೊಂಡ ಒಂದೇ ವಾರದೊಳಗೆ ಕಲ್ಕತ್ತೆಗೆ ತೆರಳಿ ಪರಿಹಾರ ಕಾರ್ಯಕ್ಕೆ ಸೇನೆಯನ್ನು ತೊಡಗಿಸಿದರು. ಅವರ ಹಿಂದಿನ ವೈಸರಾಯ್ ಲಿನ್‌ಲಿತ್‌ಗೋ ಕ್ಷಾಮದ ಬಂಗಾಳಕ್ಕೆ ಒಮ್ಮೆಯೂ ಭೇಟಿ ಕೊಟ್ಟಿರಲಿಲ್ಲ. ಅಧಿಕಾರ ಎರಡೂ ಕೈಗಳಲ್ಲಿ ಒಂದೇ ಆಗಿತ್ತು. ಬಳಸಿದ ರೀತಿ ಬೇರೆಯಾಗಿತ್ತು.

ಎರಡನೆಯ ಎಚ್ಚರಿಕೆ ಆಡಳಿತಕ್ಕೆ ಸಂಬಂಧಿಸಿದ್ದು. ಬೆಂಕಿ ನಂದಿಸಿದವನಿಗೆ ಹಾರ ಹಾಕುವ ಭರದಲ್ಲಿ, ಬೆಂಕಿ ಬೀಳದಂತೆ ನೋಡಿಕೊಂಡವನನ್ನು ನಾವು ಮರೆಯಬಾರದು. 1991ರ ಬಿಕ್ಕಟ್ಟು ಆಕಾಶದಿಂದ ಬಿದ್ದದ್ದಲ್ಲ. ಹಿಂದಿನ ದಶಕದ ವಿತ್ತೀಯ ಕೊರತೆ ಮತ್ತು ಸಾಲ ಅದಕ್ಕೆ ನೆಲ ಹದಮಾಡಿದ್ದವು. ಶ್ರೇಷ್ಠ ಗಳಿಗೆಯ ಅಗತ್ಯವೇ ಬೀಳದಂತೆ ನಡೆಯುವ ಆಡಳಿತವೇ ನಿಜಕ್ಕೂ ಉತ್ತಮ ಆಡಳಿತ. ಆದರೆ ಅದಕ್ಕೆ ಸುದ್ದಿಮೌಲ್ಯವಿಲ್ಲ. ನಮ್ಮ ಪ್ರಗತಿ ವರದಿಯ ನಮೂನೆಗಳಲ್ಲಿ ಬಿಡುಗಡೆಯಾದ ಅನುದಾನಕ್ಕೆ ಒಂದು ಕಾಲಂ ಇದೆ, ಖರ್ಚಿಗೊಂದು ಕಾಲಂ ಇದೆ, ಫಲಾನುಭವಿಗಳ ಸಂಖ್ಯೆಗೊಂದು ಕಾಲಂ ಇದೆ. ಸಂಭವಿಸದೆ ಹೋದ ಸಾವುಗಳಿಗೆ ಕಾಲಂ ಇಲ್ಲ.

ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಪ್ರಸಂಗ ಇಲ್ಲಿ ಹೇಳತಕ್ಕದ್ದು. ನದಿ ಉಕ್ಕುತ್ತಿದ್ದ ಒಂದು ರಾತ್ರಿ, ಮೇಲಿನಿಂದ ಆದೇಶ ಬರುವ ಮೊದಲೇ, ಒಬ್ಬ ಗ್ರಾಮ ಲೆಕ್ಕಿಗರು ಇಬ್ಬರು ತಳವಾರರನ್ನು ಕರೆದುಕೊಂಡು ಹೊಳೆದಂಡೆಯ ಕೇರಿಯಲ್ಲಿ ಮನೆಮನೆಯ ಬಾಗಿಲು ಬಡಿದರು. ಏಳಲೊಲ್ಲದ ಮುದುಕರನ್ನು ಗದರಿಸಿ, ದನಕರುಗಳ ಕಣ್ಣಿ ಬಿಚ್ಚಿಸಿ, ಎಲ್ಲರನ್ನೂ ಎತ್ತರದಲ್ಲಿದ್ದ ಶಾಲೆಗೆ ಸಾಗಿಸಿದರು. ನೀರು ಬಾರದೆ ಹೋಗಿದ್ದರೆ ಅವರು ಊರಿನವರ ನಗೆಪಾಟಲಿಗೂ ಮೇಲಧಿಕಾರಿಗಳ ನೋಟಿಸಿಗೂ ಗುರಿಯಾಗುತ್ತಿದ್ದರು. ಬೆಳಗಾಗುವಷ್ಟರಲ್ಲಿ ಕೇರಿಗೆ ನೀರು ನುಗ್ಗಿತ್ತು. ಒಂದು ಜೀವವೂ ಹೋಗಲಿಲ್ಲ. ಜೀವಹಾನಿ 'ಇಲ್ಲ' ಎಂಬ ಒಂದೇ ಪದದಲ್ಲಿ ತಾಲ್ಲೂಕಿನ ವರದಿ ಅದನ್ನು ಮುಗಿಸಿತು. ಮುಂದೆ ಪರಿಹಾರದ ಚೆಕ್ ವಿತರಣೆಗೆ ಶಾಮಿಯಾನ, ಹಾರ, ಭಾಷಣಗಳೆಲ್ಲ ಆದವು. ವೇದಿಕೆಯ ಮೇಲೆ ಅವರಿಗೆ ಕುರ್ಚಿಯಿರಲಿಲ್ಲ. ಫಲಾನುಭವಿಗಳ ಪಟ್ಟಿ ಹಿಡಿದು ಅವರು ಕೆಳಗೆ ನಿಂತಿದ್ದರು.

ಈ ನುಡಿಗಟ್ಟಿನ ಇನ್ನೊಂದು ಬಳಕೆಯ ಬಗೆಗೂ ಒಂದು ಮಾತು. ಇಂಗ್ಲಿಷಿನಲ್ಲಿ ಇಂದು ಇದು ನಕಾರ ರೂಪದಲ್ಲಿಯೂ ಧಾರಾಳವಾಗಿ ಬಳಕೆಯಾಗುತ್ತಿದೆ. ಎಡವಿದ ಮಂತ್ರಿ, ಮಾತು ತಪ್ಪಿದ ಕಂಪನಿ ಮುಖ್ಯಸ್ಥ, ಅಸಭ್ಯವಾಗಿ ವರ್ತಿಸಿದ ಆಟಗಾರ, ಎಲ್ಲರೂ ಅದು ತಮ್ಮ ಫೈನೆಸ್ಟ್ ಅವರ್ ಆಗಿರಲಿಲ್ಲ ಎಂದು ಹೇಳಿ ಮುಂದೆ ಸಾಗುತ್ತಾರೆ. ಕಡಿಮೆ ಮಾಡಿ ಹೇಳುವುದು ಆಂಗ್ಲರ ಸ್ವಭಾವ. ಸ್ನೇಹಿತರ ನಡುವೆ ಅದು ಹಾಸ್ಯವಾಗಿ ಒಪ್ಪುತ್ತದೆ. ಸಾರ್ವಜನಿಕ ಹೊಣೆಗಾರಿಕೆಯ ಸಂದರ್ಭದಲ್ಲಿ ಮಾತ್ರ ಅದು ಜಾಣತನದ ಗುರಾಣಿ. ತಮಗೆ ಬೇರೆ ಶ್ರೇಷ್ಠ ಗಳಿಗೆಗಳು ಇದ್ದೇ ಇವೆ ಎಂದು ಅದು ಸದ್ದಿಲ್ಲದೆ ಸೂಚಿಸುತ್ತದೆ. ತಪ್ಪು ಯಾರದು, ನಷ್ಟ ಯಾರಿಗೆ ಎಂಬುದನ್ನು ಹೇಳುವುದಿಲ್ಲ. 'ತಪ್ಪಾಯಿತು' ಎಂಬ ಕನ್ನಡದ ಒಂದು ಪದ ಇದಕ್ಕಿಂತ ಎಷ್ಟೋ ಪ್ರಾಮಾಣಿಕವಾದುದು.

ಹಾಗಾದರೆ ಫೈನೆಸ್ಟ್ ಅವರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? 'ಒರೆಗಲ್ಲಿನ ಗಳಿಗೆ' ಎಂಬುದು ನನ್ನ ಸಲಹೆ. ಚಿನಿವಾರ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿದಾಗ ಚಿನ್ನ ಹೊಸದಾಗಿ ಹುಟ್ಟುವುದಿಲ್ಲ. ಒಳಗೆ ಇದ್ದದ್ದು ಗೆರೆಯಾಗಿ ಕಾಣುತ್ತದೆ, ಅಷ್ಟೆ. ಆ ಗೆರೆಯನ್ನು ಓದುವವನು ಚಿನಿವಾರನೇ ಹೊರತು ಒಡವೆಯಲ್ಲ. ಪದಗಳನ್ನು ಒಪ್ಪುವುದೂ ಬಿಡುವುದೂ ಜನರಿಗೆ ಸೇರಿದ್ದು; ಇನ್ನೂ ಸೊಗಸಾದ ಪದ ಓದುಗರಿಗೆ ಹೊಳೆದರೆ ಸಂತೋಷ. ಪದ ಯಾವುದಾದರೂ ಆಗಲಿ, ಮುಂದಿನ ಸಲ ಬೀಳ್ಕೊಡುಗೆಯ ವೇದಿಕೆಯ ಮೇಲೋ ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲೋ ಒಬ್ಬರ ಶ್ರೇಷ್ಠ ಗಳಿಗೆಯನ್ನು ಹುಡುಕುವವರು ಅವರು ಕತ್ತರಿಸಿದ ರಿಬ್ಬನ್ನುಗಳನ್ನು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಗೆಲುವಿನ ಭರವಸೆಯಿಲ್ಲದಿದ್ದಾಗ, ನೋಡುವವರು ಯಾರೂ ಇಲ್ಲದಿದ್ದಾಗ, ಇವರು ಯಾರ ಬಾಗಿಲು ಬಡಿದರು?